ಹೆಸರಿಗೆ ಬಿಟ್ಟ ಜಾಗ

ದ್ವಾರಕಾ, ನವದೆಹಲಿ
೨೭ ಜನವರಿ ೨೦೦೨

ಮೋನೇ ಸೃಜನ್,

ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಬೈಯುವುದಿದೆ. ನೀನು ಗಡಿಗೆ ಹೊರಟು ತಿಂಗಳಾಯಿತು. ಬಂದದ್ದು ಒಂದೇ ಒಂದು ಫೋನು, ಅದೂ "ಅವ್ವ, ಹಿಂದೆ ಸಾಲು ನಿಂತಿದೆ, ಇಡುತ್ತೇನೆ" ಅನ್ನುವುದಕ್ಕೆ. ನಿಂತರೆ ನಿಲ್ಲಲಿ! ಕ್ಯಾಪ್ಟನ್ ಆದವನಿಗೆ ಹೆತ್ತವಳ ಹತ್ತಿರ ಎರಡು ಮಾತು ಹೆಚ್ಚಿಗೆ ಆಡುವ ಹಕ್ಕಿಲ್ಲವೇ? ಅದಕ್ಕೇ ಪತ್ರ ಬರೆಯಲು ಕೂತಿದ್ದೇನೆ. ಇದಕ್ಕೆ ಹಿಂದೆ ಯಾರೂ ಸಾಲು ನಿಲ್ಲುವುದಿಲ್ಲ.

ಸಂಸತ್ತಿನ ಮೇಲೆ ದಾಳಿ ಆದಾಗಿನಿಂದ ಇಲ್ಲಿ ಎಲ್ಲರ ಬಾಯಲ್ಲೂ ಯುದ್ಧ. ಹಾಲಿನ ಬೂತಿನಲ್ಲಿ ಯುದ್ಧ, ಲಿಫ್ಟಿನಲ್ಲಿ ಯುದ್ಧ. ನಿನ್ನ ಅಪ್ಪ ಬೆಳಿಗ್ಗೆ ಟಿ.ವಿ. ಹಾಕಿದರೆ ಊಟಕ್ಕೆ ಕರೆದರೂ ಏಳುವುದಿಲ್ಲ. ನಿವೃತ್ತರಾಗಿ ಇಷ್ಟು ವರ್ಷವಾದರೂ ಸುಬೇದಾರ್ ಮೇಜರ್ ಅಚ್ಚಯ್ಯನವರಿಗೆ ಟ್ಯಾಂಕು ಕಂಡರೆ ಬೆನ್ನು ನೆಟ್ಟಗಾಗುತ್ತದೆ. ನಾನು ಕೇಳಿದರೆ, "ಎಂಜಿನಿಯರ್ ರೆಜಿಮೆಂಟು ಹಿಂದೆ ಇರುತ್ತದೆ ಮಾರಾಯ್ತಿ. ರಸ್ತೆ, ಸೇತುವೆ, ಅಷ್ಟೇ" ಅನ್ನುತ್ತಾರೆ. ನನ್ನ ಹತ್ತಿರ ಸುಳ್ಳು ಹೇಳುವಾಗ ಅವರು ಮೀಸೆ ಮುಟ್ಟಿಕೊಳ್ಳುತ್ತಾರೆ. ಮೊನ್ನೆಯೂ ಮುಟ್ಟಿಕೊಂಡರು.

ಸುಮ್ಮನೆ ಕೂತರೆ ತಲೆ ಕೆಡುತ್ತದೆ ಅಂತಲೋ ಏನೋ, ದೇವರು ನನಗೂ ಒಂದು ಕೆಲಸ ಕೊಟ್ಟಿದ್ದಾನೆ. ದ್ವಾರಕಾದ ವೃತ್ತಗಳಲ್ಲಿ, ಪಾರ್ಕುಗಳಲ್ಲಿ, ಖಾಲಿ ಗೋಡೆಗಳ ಮೇಲೆ ಯಾವ ಕಲೆ ಇರಬೇಕು ಎಂದು ನಗರಾಭಿವೃದ್ಧಿ ಪ್ರಾಧಿಕಾರದವರು ಯೋಜನೆ ಮಾಡುತ್ತಿದ್ದಾರಂತೆ. ಅದಕ್ಕೆ ನಿವಾಸಿಗಳನ್ನೇ ಕೇಳಬೇಕಂತೆ. ಅಪೂರ್ವ ಅಂತ ಮೈಸೂರಿನ ಹುಡುಗಿ, ಆರ್ಕಿಟೆಕ್ಟು, ಬಂದಿದ್ದಳು. ನಮ್ಮ ಸೊಸೈಟಿಯ ಕಾರ್ಯದರ್ಶಿ ಇಂದುಶೇಖರರು ಕೂಡಲೇ, "ಚಿಣ್ಣಮ್ಮನವರು ಮೂವತ್ತು ವರ್ಷ ಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದವರು, ಅವರಿಗಿಂತ ಬೇಕೇ?" ಎಂದು ನನ್ನನ್ನು ಮುಂದೆ ತಳ್ಳಿಬಿಟ್ಟರು.

ಕೆಲಸ ಏನೆಂದರೆ, ಸೆಕ್ಟರಿನ ದೊಡ್ಡ ನಕ್ಷೆ ಹಿಡಿದು ಮನೆಮನೆಗೆ ಹೋಗುವುದು. ಪ್ರತಿಮೆಯೋ ಸ್ಮಾರಕವೋ ಬೇಕಾದವರು ಬೇಕಾದ ಕಡೆ ಕೆಂಪು ಚುಕ್ಕಿ ಅಂಟಿಸಬೇಕು. ಕಾರಂಜಿಗೆ ನೀಲಿ. ಮರ, ಬೆಂಚು, ಆಟದ ಜಾಗಕ್ಕೆ ಹಸಿರು. ಅಪೂರ್ವ ಕೊಟ್ಟ ಚುಕ್ಕಿಗಳು ಮೊದಲನೆಯ ಬ್ಲಾಕಿಗೇ ಮುಗಿದವು. ನಾನು ವಾರದ ಸಂತೆಗೆ ಹೋಗಿ ಹಣೆಗಿಡುವ ಸ್ಟಿಕರ್ ಬಿಂದಿ ತಂದೆ, ಮೂರೂ ಬಣ್ಣದ್ದು. ಎದುರು ಮನೆಯ ಅಹಲ್ಯಾ ತನ್ನ ಮಗುವಿಗೆ ಉಯ್ಯಾಲೆ ಬೇಕೆಂದು ಪಾರ್ಕಿನ ಮೇಲೆ ಹಸಿರು ಅಂಟಿಸಿ, ನೀಲಿಯದೊಂದನ್ನು ತನ್ನ ಹಣೆಗೇ ಇಟ್ಟುಕೊಂಡಳು. "ಈ ಸೀರೆಗೆ ಹೊಂದುತ್ತೆ ಆಂಟಿ" ಎಂದಳು. ಮೇಲಿನ ಮನೆಯ ಸರ್ದಾರ್‌ಜಿಗೆ ಎರಡೂ ಮುಂಗಾಲು ಎತ್ತಿದ ಕುದುರೆ ಬೇಕಂತೆ. ಇನ್ನೊಬ್ಬರು, "ಮೊದಲು ನಲ್ಲಿಯಲ್ಲಿ ನೀರು ಕೊಡಿ, ಕಾರಂಜಿ ಆಮೇಲೆ" ಎಂದು ನನಗೇ ಬೈದರು. ಟ್ಯಾಂಕರ್ ಬಾರದೆ ಎರಡು ದಿನವಾಗಿತ್ತು, ಪಾಪ.

ಅಲ್ಲಿ ನಿನ್ನ ಕೆಲಸ ಏನು ಎಂದು ಒಂದು ಸಾಲು ಬರೆ. ರಸ್ತೆ, ಸೇತುವೆ ಎಂದು ಮಾತ್ರ ಬರೆಯಬೇಡ.

ಅವ್ವ


೧೮ ಫೆಬ್ರವರಿ ೨೦೦೨

ಅವ್ವ,

ಎಲ್ಲಿದ್ದೇನೆ ಎಂದು ಬರೆಯುವಂತಿಲ್ಲ. ಮರಳಿದೆ, ಚಳಿಯಿದೆ. ಊರು ಬಿಟ್ಟು ಹೋದ ರೈತರ ಹೊಲಗಳಿವೆ, ಅವರು ಬಿಟ್ಟು ಹೋದ ನಾಯಿಗಳಿವೆ. ಕೆಲಸ ಅಂದರೆ ಅಗೆಯುವುದು, ಮುಚ್ಚುವುದು. ಊಟ ಪರವಾಗಿಲ್ಲ. ನೀನು ಕಳಿಸಿದ ಕಾಚಂಪುಳಿ ಹುಳಿರಸದ ಬಾಟಲಿ ಒಡೆಯದೆ ಬಂತು.

ನನ್ನ ಜೊತೆ ಗೋಪಾಲ ಎಂಬ ನಾಯಕ್ ದರ್ಜೆಯವನು ಇದ್ದಾನೆ, ಅರಕಲಗೂಡಿನ ಕಡೆಯವನು. ನನ್ನ ತುಕಡಿಯಲ್ಲಿ ಕನ್ನಡ ಬರುವವನು ಅವನೊಬ್ಬನೇ. ನಿನ್ನ ಪತ್ರವನ್ನು ಅವನಿಗೂ ಓದಿ ಹೇಳಿದೆ, ಬೇಜಾರು ಮಾಡಿಕೊಳ್ಳಬೇಡ. ಇಲ್ಲಿ ಒಬ್ಬರಿಗೆ ಪತ್ರ ಬಂದರೆ ಎಲ್ಲರಿಗೂ ಬಂದ ಹಾಗೆ. ಸರ್ದಾರ್‌ಜಿಯ ಕುದುರೆಗೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ, "ಸಾಹೇಬ್ರೇ, ಅಮ್ಮನಿಗೆ ಬರೀರಿ, ನನ್ನದೂ ಒಂದು ಬಿಂದಿ ಅಂಟಿಸ್ಲಿ. ಹಸಿರುದು. ಒಂದು ಮರ, ಅದರ ಕೆಳಗೆ ಒರಗಿಕೊಂಡು ಕೂರೋ ಅಂಥ ಬೆಂಚು. ಇಲ್ಲಿ ಎಲ್ಲಿ ಕೂತ್ರೂ ಬೆನ್ನಿಗೆ ಏನೂ ಸಿಗಲ್ಲ" ಎಂದ. ದಿಲ್ಲಿಯನ್ನು ಅವನು ರೈಲಿನ ಕಿಟಕಿಯಿಂದ ಮಾತ್ರ ನೋಡಿದ್ದಾನೆ. ಆದರೂ ಅಂಟಿಸು, ದಿನಾ ಕೇಳುತ್ತಾನೆ.

ಟಿ.ವಿ. ಕಡಿಮೆ ನೋಡಿ, ಇಬ್ಬರೂ.

ಸೃಜನ್


ದ್ವಾರಕಾ
೨೪ ಮಾರ್ಚ್ ೨೦೦೨

ಮೋನೇ,

ಅಗೆಯುವುದು, ಮುಚ್ಚುವುದು ಎಂದು ಬರೆದಿದ್ದೀಯ. ನಡುವೆ ಏನನ್ನು ಇಡುತ್ತೀರಿ ಎಂದು ಬರೆದಿಲ್ಲ. ಬೇಡ ಬಿಡು. ಎಂಜಿನಿಯರ್ ರೆಜಿಮೆಂಟಿನವನ ಹೆಂಡತಿಯಾಗಿ ಇಷ್ಟು ವರ್ಷ ಕಳೆದವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ನೆಲಬಾಂಬು. ನಾನೇ ಬರೆದೆ ನೋಡು. ನಿಮ್ಮಪ್ಪನ ಮುಂದೆ ಆ ಪದ ಎತ್ತಿದರೆ ಎದ್ದು ಬಾಲ್ಕನಿಗೆ ಹೋಗುತ್ತಾರೆ.

ಗೋಪಾಲನ ಬಿಂದಿ ಅಂಟಿಸಿದ್ದೇನೆ. ನಮ್ಮ ಗೇಟಿನ ಮುಂದೆ ವೃತ್ತ ಇದೆಯಲ್ಲ, ನನ್ನ ಅಡಿಗೆಮನೆಯ ಕಿಟಕಿಗೆ ನೇರ ಕಾಣುತ್ತದೆ, ಅದರ ಮೇಲೆ. ಅಲ್ಲಿ ಮೊದಲನೆಯ ಬಿಂದಿ ಅವನದೇ ಎಂದು ಹೇಳು. ಆದರೆ ಈಗ ಅದು ಕಾಣುತ್ತಿಲ್ಲ. ಯಾಕೆಂದು ಬರೆಯುತ್ತೇನೆ.

ಎರಡನೆಯ ಬ್ಲಾಕಿಗೆ ಹೋಗುವ ಹೊತ್ತಿಗೆ ನೀನು ಗಡಿಯಲ್ಲಿರುವ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಬಾಗಿಲು ತೆಗೆದವರು ನಕ್ಷೆ ನೋಡುವ ಮೊದಲು ನನ್ನ ಮುಖ ನೋಡುತ್ತಾರೆ. "ಆಪ್ ಕಾ ಬೇಟಾ ಬಾರ್ಡರ್ ಪರ್ ಹೈ ನಾ, ಭಾಭೀಜಿ?" ಅನ್ನುತ್ತಾರೆ. ಟೀ ಕೊಡುತ್ತಾರೆ, ಬೇಡವೆಂದರೂ ಬಿಡುವುದಿಲ್ಲ. ಆಮೇಲೆ ಅವರ ಕೈ ಸೀದಾ ಕೆಂಪು ಬಿಂದಿಗೆ ಹೋಗುತ್ತದೆ. ಜವಾನರ ಸ್ಮಾರಕ ಆಗಲಿ, ವೃತ್ತದಲ್ಲೇ ಆಗಲಿ. ಕುದುರೆ ಕೇಳಿದ ಸರ್ದಾರ್‌ಜಿ ಕೆಳಗಿಳಿದು ಬಂದು ಕುದುರೆ ವಾಪಸು ತೆಗೆದುಕೊಂಡರು. ಅಹಲ್ಯಾ ಕೂಡ, "ಉಯ್ಯಾಲೆ ಆಮೇಲೆ ನೋಡೋಣ ಆಂಟಿ, ಮೊದಲು ನಿಮ್ಮದು" ಎಂದಳು. ನಮ್ಮದು ಅಂತೆ! ನಾನೆಲ್ಲಿ ಕೇಳಿದೆ? ಈಗ ವೃತ್ತದ ಮೇಲೆ ಕೆಂಪಿನ ಮೇಲೆ ಕೆಂಪು. ಗೋಪಾಲನ ಹಸಿರು ಎಲ್ಲೋ ಅಡಿಯಲ್ಲಿದೆ. ಮನೆಗೆ ಬಂದು ಆ ನಕ್ಷೆಯನ್ನು ಮಡಿಸಿ ಬೀರುವಿನ ಹಿಂದೆ ಇಟ್ಟೆ. ನೋಡಲಿಕ್ಕೇ ಆಗಲಿಲ್ಲ.

ಕಳೆದ ಭಾನುವಾರ ಸಭೆ. ಇಂದುಶೇಖರರು ತಾವೇ ಪೆನ್ಸಿಲಿನಲ್ಲಿ ಬರೆದ ಚಿತ್ರ ತಂದಿದ್ದರು. ಆಳೆತ್ತರದ ಕರಿಕಲ್ಲು. ಮುಂದೆ ನಳಿಗೆ ಕೆಳಗೆ ಮಾಡಿ ನಿಲ್ಲಿಸಿದ ಕೋವಿ, ಅದರ ತಲೆಗೊಂದು ಹೆಲ್ಮೆಟ್ಟು. ಕಲ್ಲಿನ ತುಂಬ ಅಡ್ಡಗೆರೆಗಳು, ಏನೂ ಬರೆದಿಲ್ಲ.

"ಈ ಗೆರೆಗಳು ಯಾಕೆ?" ಎಂದೆ.

"ಸದ್ಯಕ್ಕೆ ಖಾಲಿ ಇರಲಿ ಚಿಣ್ಣಮ್ಮನವರೇ. ಹೆಸರಿಗೆ ಜಾಗ ಬಿಟ್ಟಿರೋಣ. ನಮ್ಮ ಸೆಕ್ಟರಿನ ಹುಡುಗರೇ ಎಷ್ಟೋ ಜನ ಅಲ್ಲಿದ್ದಾರಲ್ಲ" ಎಂದರು. ಏನು ಹೇಳಿದೆ ಎಂದು ಆಮೇಲೆ ಅವರಿಗೂ ಹೊಳೆದಿರಬೇಕು. ನೀರಿನ ಲೋಟ ಎತ್ತಿದವರು ಕೆಳಗಿಡಲೇ ಇಲ್ಲ. ಒಳ್ಳೆಯ ಮನುಷ್ಯ, ಕೆಟ್ಟದ್ದು ಬಯಸುವವರಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿನ್ನ ಅಪ್ಪನೂ ತಟ್ಟಿದರು. ನಾನೂ ತಟ್ಟಿದೆ ಮೋನೇ, ಅಷ್ಟು ಜನರ ಮುಂದೆ ಇನ್ನೇನು ಮಾಡಲಿ?

ಮಗು ಹುಟ್ಟುವ ಮೊದಲು ನಾವು ತೊಟ್ಟಿಲು ತಂದು ಮನೆಯಲ್ಲಿ ಇಡುವುದಿಲ್ಲ. ಒಳ್ಳೆಯದಕ್ಕೇ ಹಾಗೆ ಮೊದಲೇ ಜಾಗ ಮಾಡದ ಜನ, ಇದಕ್ಕೆ ಮಾಡುತ್ತಾರೆಯೇ? ಹೆಸರಿಗೆ ಅಂತ ಜಾಗ ಬಿಟ್ಟರೆ ಅದು ಹೆಸರು ಕೇಳುವುದಿಲ್ಲವೇ? ನಾನು ಅಕ್ಕಿ ತೊಳೆಯುವಾಗ, ಕಾಫಿ ಸೋಸುವಾಗ, ದಿನ ಬೆಳಗಾದರೆ ಆ ಖಾಲಿ ಗೆರೆಗಳನ್ನು ನೋಡುತ್ತಾ ನಿಲ್ಲಬೇಕೇ? ನನಗೆ ಹೆದರಿಕೆಯಾಗುತ್ತದೆ. ಇದನ್ನು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ಹೇಳಬಾರದವನಿಗೇ ಹೇಳುತ್ತಿದ್ದೇನೆ ಅಂತ ಗೊತ್ತು.

ಅವ್ವ


೧೫ ಏಪ್ರಿಲ್ ೨೦೦೨

ಅವ್ವ,

ಅದೊಂದು ಕಲ್ಲು ಅಷ್ಟೇ. ಮಾಡಿಕೊಳ್ಳಲಿ ಬಿಡು. ನೀನು ಬೇಡವೆಂದರೆ, ಸೈನಿಕನ ತಾಯಿಯೇ ಹೆದರಿದಳು ಎಂದು ಜನ ಆಡಿಕೊಳ್ಳುತ್ತಾರೆ. ಅಪ್ಪ ನಾಳೆ ಪಾರ್ಕಿನಲ್ಲಿ ತಲೆ ಎತ್ತಿ ನಡೆಯಬೇಕಲ್ಲ.

ಇಲ್ಲಿ ಬಿಸಿಲು ಶುರುವಾಗಿದೆ. ಕಬ್ಬಿಣದ ಸಾಮಾನು ಬರಿಗೈಯಲ್ಲಿ ಮುಟ್ಟಲಾಗುವುದಿಲ್ಲ. ಕಾಚಂಪುಳಿ ಹಾಕಿ ಗೋಪಾಲ ಏನೋ ಒಂದು ಸಾರು ಮಾಡಿದ, ನೀನು ತಿಂದಿದ್ದರೆ ಅವನನ್ನು ಓಡಿಸುತ್ತಿದ್ದೆ. ತನ್ನ ಬಿಂದಿಯ ಮೇಲೆ ಬೇರೆಯವರು ಅಂಟಿಸಿದ್ದು ಅವನಿಗೆ ಸರಿಬಂದಿಲ್ಲ. "ಬಸ್ಸಲ್ಲಿ ಟವಲ್ ಹಾಕಿದ ಸೀಟಲ್ಲಿ ಕೂತಂಗಾಯ್ತು ಸಾಹೇಬ್ರೇ" ಎಂದ.

ಸ್ವಲ್ಪ ದಿನ ಪತ್ರ ಬರದಿದ್ದರೆ ಗಾಬರಿಯಾಗಬೇಡ. ಬೇರೆ ಕಡೆ ಹೋಗುವುದಿದೆ.

ಸೃಜನ್


ದ್ವಾರಕಾ
೨೬ ಮೇ ೨೦೦೨

ಮೋನೇ,

ಗಾಬರಿಯಾಗಬೇಡ ಎಂದು ಬರೆದರೆ ಗಾಬರಿ ನಿಲ್ಲುತ್ತದೆಯೇ? ಏಪ್ರಿಲ್ ಪತ್ರವೇ ಕೊನೆ. ಇಲ್ಲಿ ವಿದೇಶಿ ರಾಯಭಾರಿಗಳು ಹೆಂಡತಿ ಮಕ್ಕಳನ್ನು ವಾಪಸು ಕಳಿಸುತ್ತಿದ್ದಾರಂತೆ. ಅಣುಬಾಂಬು ಬಿದ್ದರೆ ಏನು ಮಾಡಬೇಕು ಎಂದು ಪೇಪರಿನಲ್ಲಿ ಬರೆಯುತ್ತಾರೆ, ಭೇಲ್‌ಪುರಿ ಮಾಡುವುದು ಹೇಗೆ ಅನ್ನುವ ಹಾಗೆ. ಅಹಲ್ಯಾ ಮಗುವನ್ನು ಕರೆದುಕೊಂಡು ಧಾರವಾಡಕ್ಕೆ ಹೋಗುತ್ತಾಳಂತೆ. ಜನ ಅಕ್ಕಿ, ಮೇಣದಬತ್ತಿ ತಂದು ತುಂಬುತ್ತಿದ್ದಾರೆ.

ಬಾಗಿಲ ಗಂಟೆ ಬಾರಿಸಿದರೆ ನಾನು ತೆಗೆಯುವುದಿಲ್ಲ. ನಿನ್ನ ಅಪ್ಪ ತೆಗೆಯಬೇಕು. ಅವರು ಬಾಗಿಲಿಗೆ ಹೋಗಿ, ಒಂದು ಗಳಿಗೆ ನಿಂತು, "ಇಸ್ತ್ರಿಯವನು!" ಎಂದೋ "ಕೊರಿಯರ್!" ಎಂದೋ ಗಟ್ಟಿಯಾಗಿ ಕೂಗುತ್ತಾರೆ. ಹಾಗೆ ಕೂಗಿ ಎಂದು ನಾನು ಹೇಳಿಲ್ಲ. ಮೊನ್ನೆ ಬೀದಿಯಲ್ಲಿ ಮದುವೆಯ ದಿಬ್ಬಣ ಹೋಯಿತು. ಪಟಾಕಿ ಎರಡು ಸಲ ಸಿಡಿದು ನಿಂತಿತು. ನಮ್ಮೂರಲ್ಲಿ ಸಾವಾದರೆ ಎರಡು ಗುಂಡು ಹಾರಿಸುತ್ತಾರಲ್ಲ. ಮೂರನೆಯದು ಸಿಡಿಯಲಿ, ದೇವರೇ, ಮೂರನೆಯದು ಸಿಡಿಯಲಿ ಎಂದು ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದೆ. ಬ್ಯಾಂಡಿನವರು ಶುರುಮಾಡಿದರು, ಮೂರನೆಯದು ಸಿಡಿಯಲಿಲ್ಲ. ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತೆ.

ಈಗ ಕಲ್ಲಿನ ವಿಷಯ. ನಕ್ಷೆ ವಾಪಸು ಕೇಳಲು ಅಪೂರ್ವ ಬಂದಿದ್ದಳು. ಬಿಡಿಸಿ ನೋಡಿ, "ಆಂಟಿ, ನಮ್ಮಿಂದ ತಪ್ಪಾಗಿದೆ" ಎಂದಳು. "ಕೇಳಲು ಹೋದವರು ನೀವು. ನಿಮ್ಮ ಮುಖ ನೋಡಿಕೊಂಡು ಉಯ್ಯಾಲೆ ಬೇಕು ಎನ್ನಲು ಯಾರಿಗೆ ಬಾಯಿ ಬರುತ್ತದೆ? ಇದು ಅವರ ಅಭಿಪ್ರಾಯ ಅಲ್ಲ, ನಿಮಗೆ ಕೊಟ್ಟ ಮರ್ಯಾದೆ." ಹೊಸ ನಕ್ಷೆ ತಂದು ಹಾಲಿನ ಬೂತಿನ ಗೋಡೆಗೆ ತೂಗುಹಾಕಿದಳು. ಪಕ್ಕದಲ್ಲಿ ಬಿಂದಿಯ ಪೊಟ್ಟಣ. "ವಾರದ ತನಕ ನೀವು ಆ ಕಡೆ ತಲೆ ಹಾಕಬೇಡಿ" ಎಂದು ನನಗೆ ಅಪ್ಪಣೆ. ಹಾಲು ತರಲು ನಿಮ್ಮಪ್ಪನೂ ಹೋಗುವಂತಿಲ್ಲ, ಪಕ್ಕದ ಸೆಕ್ಟರಿಗೆ ನಡೆದು ತಂದರು.

ವಾರ ಕಳೆದು ನೋಡಿದರೆ ವೃತ್ತದ ಸುತ್ತ ಹಸಿರೋ ಹಸಿರು! ಕೆಂಪು ಅಲ್ಲೊಂದು ಇಲ್ಲೊಂದು. ಸರ್ದಾರ್‌ಜಿಯ ಕುದುರೆಯೂ ವಾಪಸು ಬಂದಿತ್ತು. ಪಾಪದ ಜನ, ಅವರಿಗೆ ಬೇಕಿದ್ದದ್ದು ನೆರಳು. ನಾನು ಬಯಸುತ್ತೇನೆ ಎಂದು ಅವರು ಕಲ್ಲು ಕೊಟ್ಟರು, ಅವರು ಬಯಸುತ್ತಾರೆ ಎಂದು ನಾನು ಚಪ್ಪಾಳೆ ತಟ್ಟಿದೆ.

ಆದರೂ ಸಭೆಯಲ್ಲಿ ಇಂದುಶೇಖರರು ಒಪ್ಪಲಿಲ್ಲ. "ಇಂಥ ಸಮಯದಲ್ಲಿ ಸ್ಮಾರಕ ಬೇಡ ಅಂದರೆ ಜನ ಏನಂದಾರು? ಗಡಿಯಲ್ಲಿರುವ ಹುಡುಗರ ಮನೆಯವರಿಗೆ ಹೇಗಾಗಬೇಕು?" ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಿನ್ನ ಮಾತು ನೆನಪಿತ್ತು, ಅಪ್ಪ ತಲೆ ಎತ್ತಿ ನಡೆಯಬೇಕು ಅಂದದ್ದು. ಆದರೂ ಎದ್ದು ನಿಂತೆ. "ಸತ್ತವರ ಹೆಸರು ಕೆತ್ತಿ, ನಾನೇ ಹೂವಿಡುತ್ತೇನೆ. ಬದುಕಿರುವವರಿಗೆ ಜಾಗ ಬಿಡಬೇಡಿ. ನನಗೆ ಹೆದರಿಕೆಯಾಗುತ್ತದೆ" ಎಂದೆ. ಹಿಂದಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದೆ. ಆದರೂ ಎಲ್ಲರಿಗೂ ಅರ್ಥವಾಯಿತು.

ನಿನ್ನ ಅಪ್ಪ ಎದ್ದರು. ನನ್ನನ್ನು ಕೂರಿಸಲು ಎದ್ದರು ಎಂದುಕೊಂಡೆ. ಪಕ್ಕದಲ್ಲಿ ನಿಂತು, ಮೀಸೆ ಮುಟ್ಟದೆ, "ಮುಝೇ ಭೀ" ಎಂದರು, ನನಗೂ ಅಂತ. ಅಷ್ಟೇ. ಇಂದುಶೇಖರರು ತಮ್ಮ ಚಿತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ವೃತ್ತದಲ್ಲಿ ಬೇವಿನ ಗಿಡ, ಬೆಂಚು ಎಂದು ಬರೆದು ಕಳಿಸಿದ್ದೇವೆ. ಗೋಪಾಲನಿಗೆ ಹೇಳು, ಅವನ ಸೀಟು ಅವನಿಗೇ ಸಿಕ್ಕಿತು.

ಒಂದು ಸಾಲು ಬರೆ. ನಿನ್ನ ಹೆಸರು ಮಾತ್ರ ಬರೆದು ಕಳಿಸಿದರೂ ಸಾಕು.

ಅವ್ವ


ದ್ವಾರಕಾ
೩ ಸೆಪ್ಟೆಂಬರ್ ೨೦೦೨

ಮೋನೇ,

ಜುಲೈಯಲ್ಲಿ ಬಂದ ನಿನ್ನ ಎರಡು ಸಾಲಿನ ಪತ್ರ ದಿಂಬಿನ ಕೆಳಗಿದೆ. ಬಿಡಿಸಿ ಮಡಿಸಿ ಮಡಿಕೆಯಲ್ಲಿ ಹರಿದಿದೆ.

ಇವತ್ತು ಕೈಲ್ ಮುಹೂರ್ತ. ಆಯುಧಪೂಜೆಗೆ ಈ ಫ್ಲಾಟಿನಲ್ಲಿ ಕೋವಿ ಎಲ್ಲಿಂದ ತರಲಿ? ನಿನ್ನ ಅಪ್ಪನ ಊರುಗೋಲು, ನನ್ನ ಮೆಟ್ಟುಕತ್ತಿ, ನೀನು ಬಿಟ್ಟುಹೋದ ಸ್ಕ್ರೂಡ್ರೈವರ್ ಇಟ್ಟು ಚೆಂಡುಹೂವು ಏರಿಸಿದೆ. ಊರುಗೋಲನ್ನು ಕೋವಿಯ ಹಾಗೆ ನೆಟ್ಟಗೆ, ತುದಿ ಮೇಲೆ ಮಾಡಿ ನಿಲ್ಲಿಸಿದೆ. ಐ.ಎನ್.ಎ. ಮಾರ್ಕೆಟ್ಟಿನಿಂದ ಹಂದಿಮಾಂಸ ತಂದು ಪಂದಿಕರಿ, ಅಕ್ಕಿತರಿಯ ಕಡಂಬುಟ್ಟು ಮಾಡಿದೆ. ಮೂರು ತಟ್ಟೆ ಹಾಕಿ, ಒಂದನ್ನು ವಾಪಸು ಎತ್ತಿಟ್ಟೆ. ಆಮೇಲೆ ಎತ್ತಿಡಬಾರದಿತ್ತು ಎಂದು ಮತ್ತೆ ಹಾಕಿದೆ. ನಿನ್ನ ಅಪ್ಪ ನೋಡಿಯೂ ನೋಡದ ಹಾಗೆ ಉಂಡರು.

ವೃತ್ತದಲ್ಲಿ ಬೇವಿನ ಗಿಡ ನೆಟ್ಟಿದ್ದಾರೆ, ಬೆಂಚೂ ಬಂದಿದೆ. ಗಿಡ ನನ್ನ ಸೊಂಟಕ್ಕೂ ಬರುವುದಿಲ್ಲ. ನೆರಳಿಗೆ ಕಾಯಬೇಕು ಎಂದು ಗೋಪಾಲನಿಗೆ ಹೇಳು.

ಅವ್ವ


ದ್ವಾರಕಾ
೨೦ ಅಕ್ಟೋಬರ್ ೨೦೦೨

ಮೋನೇ,

ಗಡಿಯಿಂದ ಸೇನೆ ವಾಪಸು ಎಂದು ಟಿ.ವಿ.ಯಲ್ಲಿ ಬಂತು. ಬೀದಿಯಲ್ಲಿ ಡೋಲು ಬಾರಿಸಿದರು. ಇಂದುಶೇಖರರು ಲಾಡಿನ ಡಬ್ಬ ಹಿಡಿದು ಓಡಿ ಬಂದು, "ಮುಗೀತು ಚಿಣ್ಣಮ್ಮನವರೇ! ಯುದ್ಧ ಇಲ್ಲ, ಏನಿಲ್ಲ!" ಎಂದು ಅತ್ತೇಬಿಟ್ಟರು. ನಾನು ಒಂದು ಲಾಡು ಬಾಯಿಗೆ ಹಾಕಿಕೊಂಡೆ. ನಿನ್ನ ಅಪ್ಪ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು.

ಅವರು ಹೋದ ಮೇಲೆ, "ಯಾಕೆ ತಿನ್ನಲಿಲ್ಲ?" ಎಂದೆ.

"ಇಟ್ಟದ್ದನ್ನು ತೆಗೆಯಬೇಕಲ್ಲ" ಎಂದರು.

ಎಲ್ಲರ ಮಕ್ಕಳೂ ಮನೆಗೆ ಬರುತ್ತಾರೆ. ನೀವು ಮಾತ್ರ ಮತ್ತೆ ಅದೇ ಹೊಲಕ್ಕೆ ಹೋಗಿ ಅದನ್ನೆಲ್ಲ ಕೈಯಾರೆ ಹೊರಗೆ ತೆಗೆಯಬೇಕು, ಅಲ್ಲವೇ? ಇಡುವುದಕ್ಕಿಂತ ತೆಗೆಯುವುದು ಕಷ್ಟ ಎಂದು ಅವರೇ ಒಮ್ಮೆ ಹೇಳಿದ್ದರು, ನೀನಿನ್ನೂ ಹುಟ್ಟಿರಲಿಲ್ಲ.

ನಿಧಾನ ಮಾಡು. ಯಾರಾದರೂ ಬೇಗ ಮುಗಿಸು ಎಂದರೆ ನನ್ನ ಹತ್ತಿರ ಕಳಿಸು.

ಅವ್ವ


೨೪ ನವೆಂಬರ್ ೨೦೦೨

ಅವ್ವ,

ನಾನು ಚೆನ್ನಾಗಿದ್ದೇನೆ, ಮೈಯಲ್ಲಿ ಒಂದು ಗಾಯವೂ ಇಲ್ಲ. ಇದನ್ನು ಮೊದಲು ಓದು, ಆಮೇಲೆ ಮುಂದಿನದು.

ಗೋಪಾಲ ಹೋದ. ಈ ತಿಂಗಳ ಮೊದಲ ವಾರ, ಬೆಳಿಗ್ಗೆ. ನಾವು ಗುರುತು ಮಾಡಿಟ್ಟ ಜಾಗದಲ್ಲಿ ಅದು ಇರಲಿಲ್ಲ. ಮರಳು ಸರಿಯುತ್ತದೆ ಅವ್ವ, ಒಂದು ಮಳೆ, ಒಂದು ಗಾಳಿ ಸಾಕು. ಅವನು ನನಗಿಂತ ಸ್ವಲ್ಪ ಮುಂದೆ ಇದ್ದ. ಹಿಂದೆ ತಿರುಗಿ ಏನೋ ಹೇಳಲು ಬಾಯಿ ತೆರೆದ. ಏನು ಎಂದು ನನಗೆ ಗೊತ್ತಿಲ್ಲ. ಅದೊಂದನ್ನೇ ಯೋಚಿಸುತ್ತಿರುತ್ತೇನೆ.

ಅವನನ್ನು ಊರಿಗೆ ಒಯ್ದವನು ನಾನೇ. ಅವನ ತಾಯಿ ಅಳಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಯುದ್ಧ ಆಗಲೇ ಇಲ್ವಂತಲ್ಲ ಸ್ವಾಮಿ. ಹಂಗಾದ್ರೆ ನನ್ ಮಗ ಯಾತರಲ್ಲಿ ಹೋದ ಅಂತ ಹೇಳ್ಲಿ?" ಎಂದರು. ಆಮೇಲೆ, "ದಿಲ್ಲೀಲಿ ನಿಮ್ಮ ಮನೆ ಮುಂದೆ ಅವನಿಗೊಂದು ಬೆಂಚು ಹಾಕ್ಸವ್ರಂತಲ್ಲ, ಕಾಗದದಲ್ಲಿ ಬರ್ದಿದ್ದ. ಅಲ್ಲಿ ಅವನ ಹೆಸರೈತಾ?" ಎಂದು ಕೇಳಿದರು. ನಿನ್ನನ್ನು ಕೇಳಿ ತಿಳಿಸುತ್ತೇನೆ ಎಂದು ಬಂದೆ.

ಆ ಕಲ್ಲು ನಿನ್ನನ್ನು ಎಷ್ಟು ಹೆದರಿಸಿತ್ತು ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಅವನ ಹೆಸರು ಎಲ್ಲಾದರೂ ಬರೆಸಲು ಆಗುತ್ತದೆಯೇ?

ನನಗೆ ಹೆದರಿಕೆಯಾಗುತ್ತದೆ ಅವ್ವ. ಬೆಳಿಗ್ಗೆ ಬೂಟಿನ ದಾರ ಕಟ್ಟಲು ಕೈ ಮಾತು ಕೇಳುವುದಿಲ್ಲ. ಹುಡುಗರು ನೋಡಬಾರದೆಂದು ಬೆನ್ನು ತಿರುಗಿಸಿ ಕಟ್ಟುತ್ತೇನೆ. ಇನ್ನೂ ತುಂಬ ಹೊಲ ಉಳಿದಿದೆ.

ಸೃಜನ್


ದ್ವಾರಕಾ
೧೨ ಜನವರಿ ೨೦೦೩

ಮೋನೇ ಸೃಜನ್,

ನಿನ್ನ ಪತ್ರ ಓದಿ ತಿಂಗಳಾದರೂ ಕೈಗೆ ಪೆನ್ನು ಬರಲಿಲ್ಲ. ಗೋಪಾಲ ಹೋದ ಎಂಬ ಸಾಲು ಓದಿದಾಗ ನನಗೆ ಮೊದಲು ಆದದ್ದು ಸಮಾಧಾನ. ನೀನಲ್ಲ, ನೀನಲ್ಲ ಎಂದು. ಆ ಹೆಂಗಸು ಅಲ್ಲಿ ಅಂಗಳದಲ್ಲಿ ನಿಂತಿದ್ದಾಳೆ, ನಾನಿಲ್ಲಿ ದೇವರಿಗೆ ಕೈ ಮುಗಿಯುತ್ತಿದ್ದೇನೆ. ಆಮೇಲೆ ಅಳು ಬಂತು, ಆದರೆ ಆಮೇಲೆ. ಇದನ್ನು ನಿನ್ನ ಅಪ್ಪನಿಗೂ ಹೇಳಲಿಲ್ಲ.

ಇಂದುಶೇಖರರ ಮನೆಗೆ ಹೋಗಿ, "ನನಗೆ ಒಂದು ಕಲ್ಲು ಬೇಕು" ಎಂದೆ. ಅವರು ನನ್ನನ್ನು ನೋಡಿದ ಬಗೆ ನೋಡಬೇಕಿತ್ತು, ಕುರ್ಚಿ ಹಿಡಿದುಕೊಂಡರು ಪಾಪ. "ಸೃಜನ್ ಅಲ್ಲ, ಸೃಜನ್ ಚೆನ್ನಾಗಿದ್ದಾನೆ" ಎಂದು ನಾನೇ ಅವರನ್ನು ಸಮಾಧಾನ ಮಾಡಬೇಕಾಯಿತು. ಮತ್ತೆ ಮನೆಮನೆಗೆ ಹೋದೆ. ಈ ಸಲ ನಕ್ಷೆಯಿಲ್ಲ, ಬಿಂದಿಯಿಲ್ಲ. ಗೋಪಾಲ ಯಾರು, ಅವನು ಕೇಳಿದ್ದು ಏನು, ಅವನ ತಾಯಿ ಕೇಳಿದ್ದು ಏನು ಎಂದು ಹೇಳಿದೆ. "ನನ್ನ ಮುಖ ನೋಡಿ ಹೂಂ ಅನ್ನಬೇಡಿ, ಬೇಡವಾದರೆ ಬೇಡ ಅನ್ನಿ" ಎಂದೆ. ಧಾರವಾಡದಿಂದ ವಾಪಸು ಬಂದ ಅಹಲ್ಯಾ, "ದಿನಾ ನನ್ನ ಮಗು ಆ ಬೆಂಚಿನ ಮೇಲೆ ಕೂರುತ್ತೆ ಆಂಟಿ. ಯಾರದು ಅಂತ ಅದಕ್ಕೂ ಗೊತ್ತಾಗಲಿ" ಎಂದಳು. ಅಪೂರ್ವ ಪ್ರಾಧಿಕಾರದಲ್ಲಿ ಯಾರ್‍ಯಾರದೋ ಕಾಲು ಹಿಡಿದು ಒಪ್ಪಿಗೆ ತಂದಳು. ಬೆಂಚಿನ ಪಕ್ಕದಲ್ಲಿ ಒಂದು ಚಿಕ್ಕ ಕಲ್ಲು. ಕೋವಿ ಇಲ್ಲ, ಹೆಲ್ಮೆಟ್ಟು ಇಲ್ಲ.

ಕೆತ್ತಲು ಬಂದವನು ರಾಜಸ್ಥಾನದ ಮಿಸ್ತ್ರಿ. ಕನ್ನಡ ಅಕ್ಷರವನ್ನು ನಾನು ಸೀಮೆಸುಣ್ಣದಲ್ಲಿ ಬರೆದುಕೊಟ್ಟೆ, ಕೆಳಗೆ ಹಿಂದಿಯಲ್ಲೂ. ನಾಯಕ್ ಗೋಪಾಲ, ಅರಕಲಗೂಡು. ನೆಲದಲ್ಲಿ ಹುದುಗಿದ್ದನ್ನು ತೆಗೆಯುವಾಗ ತೀರಿಕೊಂಡವನು. ಈ ನೆರಳು ಅವನು ಕೇಳಿದ್ದು. ನೆರಳು ಇನ್ನೂ ಬಂದಿಲ್ಲ, ಆದರೂ ಹಾಗೇ ಬರೆಸಿದೆ. ಫೋಟೋ ತೆಗೆಸಿ ಅವನ ತಾಯಿಗೆ ಕಳಿಸಿದ್ದೇನೆ. ಈ ಬೇಸಿಗೆಯಲ್ಲಿ ನಾವೇ ಹೋಗಿ ಅವರನ್ನು ಕರೆತರುತ್ತೇವೆ.

ಕೆತ್ತಿ ಮುಗಿದ ಮೇಲೆ ಕೆಳಗೆ ಒಂದು ಗೇಣು ಕಲ್ಲು ಉಳಿಯಿತು. ಮಿಸ್ತ್ರಿ ಅದರ ಮೇಲೆ ಕೈಯಾಡಿಸಿ, "ಮಾತಾಜೀ, ಇಷ್ಟು ಜಾಗ ಬಿಡಲಾ? ಆಗೇ ಕಾಮ್ ಆಯೇಗಾ, ಮುಂದೆ ಬೇಕಾಗುತ್ತೆ" ಎಂದ. ಅವನಿಗೇನು ಗೊತ್ತು. ನಿನ್ನ ಅಪ್ಪ ನನ್ನ ತೋಳು ಹಿಡಿದುಕೊಂಡರು. "ಕತ್ತರಿಸು" ಎಂದೆ. ಒಳ್ಳೆಯ ಕಲ್ಲು ಹಾಳಾಗುತ್ತದೆ ಎಂದ. "ಆಗಲಿ, ಕತ್ತರಿಸು ಭಯ್ಯಾ" ಎಂದೆ. ಮೆಷಿನ್ನು ತಂದು ಕತ್ತರಿಸುವ ತನಕ ಆ ಚಳಿಯಲ್ಲಿ, ಆ ಧೂಳಿನಲ್ಲಿ ಅಲ್ಲೇ ನಿಂತಿದ್ದೆ. ಉಳಿದ ತುಂಡನ್ನು ಅವನ ಗಾಡಿಗೇ ಹಾಕಿಸಿ ಕಳಿಸಿದೆ. ಕೊನೆಯ ಅಕ್ಷರದ ಕೆಳಗೆ ಈಗ ಬೆರಳು ಇಡಲೂ ಜಾಗವಿಲ್ಲ. ನಾನು ಇಟ್ಟು ನೋಡಿದ್ದೇನೆ.

ಬೂಟಿನ ದಾರ ಕಟ್ಟುವಾಗ ಕೈ ನಡುಗಿದರೆ ನಡುಗಲಿ, ಬೆನ್ನು ತಿರುಗಿಸಬೇಡ. ಹುಡುಗರೂ ನೋಡಲಿ, ಅವರಿಗೂ ನಡುಗುತ್ತಿರುತ್ತದೆ. ನಿಧಾನವಾಗಿ ಕಟ್ಟು. ನಿಧಾನವಾಗಿ ಹೆಜ್ಜೆ ಇಡು. ಗುರುತಿರುವ ಜಾಗವನ್ನೂ ನಂಬಬೇಡ.

ಮುಗಿಸಿಕೊಂಡು ಬಾ. ಬೆಂಚಿನ ಮೇಲೆ ನಾವು ಮೂವರೂ ಕೂರಬಹುದು. ಕಲ್ಲಿನಲ್ಲಿ ಮಾತ್ರ ಇನ್ನು ಜಾಗವಿಲ್ಲ.

ಅವ್ವ